ಹಳೆ ಕಾರಿನ ಹೆಡ್‌ಲೈಟು: ಬೆಳಕು ಸೋರುವುದೆಲ್ಲಿ?

ಹಳೆ ಕಾರು ಓಡಿಸುವವರಿಗೂ ಆಟೊ ಎಲೆಕ್ಟ್ರಿಷಿಯನ್ನರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ.

ಹಳೆ ಕಾರಿನಲ್ಲಿ ರಾತ್ರಿ ಹೆದ್ದಾರಿಗೆ ಹೋಗಿ ಬಂದವರು ಮರುದಿನ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ ಕೇಳುವುದು ಒಂದೇ ಮಾತು: ‘ಇದಕ್ಕಿಂತ ಜೋರಾಗಿ ಉರಿಯೋ ಬಲ್ಬ್ ಕೊಡಿ.’ ಅಂಗಡಿಯವರು 100/90 ವಾಟಿನ (ಹೈ ಬೀಮಿಗೆ 100, ಲೋ ಬೀಮಿಗೆ 90) ಬಲ್ಬನ್ನೋ ಬೆಳ್ಳಗೆ ಉರಿಯುವ ಎಲ್‌ಇಡಿಯನ್ನೋ ಕೈಗಿಡುತ್ತಾರೆ. ಸೋರುವ ಪೈಪಿಗೆ ದೊಡ್ಡ ಪಂಪು ಕೂರಿಸಿದ ಹಾಗೆ ಇದು. ಹೆಚ್ಚಿನ ಕಾರುಗಳಿಗೆ ಮೊದಲಿನಿಂದ ಇದ್ದ 60/55 ವಾಟಿನ ಎಚ್4 ಬಲ್ಬೇ (ಹೈ, ಲೋ ಬೀಮಿನ ಎರಡೂ ಉರಿಯುವ ತಂತಿ, ಅಂದರೆ ಫಿಲಮೆಂಟು, ಒಂದರಲ್ಲೇ ಇರುವ ನಮೂನೆ) ಧಾರಾಳವಾಗಿ ಸಾಕು. ಆದರೆ ಅದಕ್ಕೆ ಹೋಗಬೇಕಾದ ವೋಲ್ಟೇಜಿನ ಒಂದು ಪಾಲು ವೈರಿನಲ್ಲೇ ಉಳಿದುಬಿಡುತ್ತದೆ. ಹುಟ್ಟಿದ ಬೆಳಕಿನಲ್ಲಿ ಒಂದು ಪಾಲನ್ನು ಹಳದಿಗಟ್ಟಿದ ಲೆನ್ಸ್ ನುಂಗುತ್ತದೆ. ಹೊರಗೆ ಬಂದದ್ದೂ ಬೇಕಾದ ಕಡೆ ಬೀಳುವುದಿಲ್ಲ. ಈ ಮೂರು ಕಡೆ ಕೈಹಾಕದೆ ಬಲ್ಬಿಗೆ ದುಡ್ಡು ಸುರಿಯಬೇಡಿ ಎಂಬುದೇ ಇವತ್ತಿನ ಮಾತು.

ಇಲ್ಲಿ ಹೇಳುವುದು ಸ್ವಿಚ್ಚಿನಿಂದ ನೇರವಾಗಿ ದೀಪ ಹೊತ್ತುವ ಕಾರುಗಳಿಗೆ: ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800, ಓಮ್ನಿ, ಜಿಪ್ಸಿ ಮತ್ತು ಅವುಗಳ ಕಾಲದ ಬೇರೆ ಗಾಡಿಗಳಿಗೆ. ಕಂಪ್ಯೂಟರ್ ದೀಪವನ್ನು ನಿಯಂತ್ರಿಸುವ, ಬಲ್ಬ್ ಹೋದರೆ ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ಹೊಸ ಕಾರುಗಳ ವೈರಿಂಗನ್ನು ಹೀಗೆ ಕತ್ತರಿಸಲು ಹೋಗಬಾರದು.

ಮೊದಲು ಮೀಟರು, ಆಮೇಲೆ ಸ್ಪ್ಯಾನರ್

ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿಗೆ ಸರಿಸಮವಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತದೆ. ಸರಿಸುಮಾರು ವೋಲ್ಟೇಜಿನ 3.4ನೇ ಘಾತಕ್ಕೆ ತಕ್ಕಂತೆ. ಎಚ್4 ಬಲ್ಬಿನ ಬೆಳಕನ್ನು ಅಳೆಯುವ ವೋಲ್ಟೇಜು 13.2. ಅಲ್ಲಿ ಲೋ ಬೀಮ್ ಸುಮಾರು 1000 ಲ್ಯೂಮೆನ್, ಹೈ ಬೀಮ್ ಸುಮಾರು 1650 ಲ್ಯೂಮೆನ್ ಕೊಡಬೇಕು. ಬಲ್ಬಿಗೆ 12 ವೋಲ್ಟ್ ಮಾತ್ರ ಸಿಕ್ಕರೆ ಬೆಳಕು ಶೇ 72ಕ್ಕೆ ಇಳಿಯುತ್ತದೆ. 11.5 ವೋಲ್ಟಿನಲ್ಲಿ ಶೇ 63, 11 ವೋಲ್ಟಿನಲ್ಲಿ ಶೇ 54. ಅಂದರೆ ಎರಡು ವೋಲ್ಟ್ ಸೋರಿದರೆ ಹೆಚ್ಚುಕಡಿಮೆ ಅರ್ಧ ಬೆಳಕು ಹೋಯಿತು. ಉಳಿದದ್ದೂ ಕೆಂಪಗೆ, ಮಂಕಾಗಿ ಕಾಣುತ್ತದೆ.

ಹತ್ತು ವರ್ಷದಿಂದ ಬಲ್ಬೇ ಬದಲಿಸಿಲ್ಲ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ವೋಲ್ಟೇಜು ಕಡಿಮೆಯಾದಷ್ಟೂ ಹ್ಯಾಲೊಜೆನ್ ಬಲ್ಬಿನ ಆಯಸ್ಸು ವಿಪರೀತ ಹೆಚ್ಚುತ್ತದೆ. ಹೀಗಾಗಿ ಆ ಹೆಮ್ಮೆ ಹಲವು ಸಲ ರೋಗದ ಲಕ್ಷಣ.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಒತ್ತಿಸಿ 1500 ಆರ್‌ಪಿಎಂ ಹತ್ತಿರ ನಿಲ್ಲಿಸಿ, ಲೋ ಬೀಮ್ ಹಾಕಿ. ಬ್ಯಾಟರಿಯ ಎರಡು ಕಂಬಗಳ ನಡುವೆ ಎಷ್ಟಿದೆ ನೋಡಿ, 13.8ರಿಂದ 14.4 ಇರಬೇಕು. ಅಷ್ಟಿಲ್ಲದಿದ್ದರೆ ಮೊದಲ ಕೆಲಸ ಆಲ್ಟರ್ನೇಟರಿನದು, ದೀಪದ್ದಲ್ಲ: ಬೆಲ್ಟ್ ಸಡಿಲವಿರಬಹುದು, ಕಾರ್ಬನ್ ಬ್ರಷ್ ಸವೆದಿರಬಹುದು. 14.8 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅದನ್ನು ಹಾಗೇ ಬಿಟ್ಟು ಒಳ್ಳೆಯ ವೈರಿಂಗ್ ಮಾಡಿದರೆ ಬಲ್ಬುಗಳು ಸಾಲಾಗಿ ಸಾಯುತ್ತವೆ.

ಆಮೇಲೆ ಬಲ್ಬಿನ ಹಿಂದಿನ ಕಪ್ಲರ್‌ಗೆ, ಅಂದರೆ ವೈರುಗಳು ಬಲ್ಬಿಗೆ ಸಿಕ್ಕಿಕೊಳ್ಳುವ ಪ್ಲಗ್ಗಿಗೆ ಬನ್ನಿ. ಕಪ್ಲರ್ ಕಳಚಬಾರದು. ಕಳಚಿದರೆ ಕರೆಂಟು ಹರಿಯುವುದಿಲ್ಲ, ಹರಿಯದಿದ್ದರೆ ಸೋರಿಕೆ ಕಾಣುವುದಿಲ್ಲ, ಮೀಟರು ಸುಳ್ಳು ಹೇಳುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಹಿಂದಿನಿಂದ ಮೀಟರಿನ ಮುಳ್ಳು ತೂರಿಸಿ ಲೋ ಬೀಮ್ ಕಡ್ಡಿಗೂ ಅರ್ಥ್ ಕಡ್ಡಿಗೂ ನಡುವೆ ಓದಿ. ಬ್ಯಾಟರಿಯ ಅಂಕಿಗೂ ಇದಕ್ಕೂ ಅರ್ಧ ವೋಲ್ಟಿನೊಳಗೆ ವ್ಯತ್ಯಾಸವಿದ್ದರೆ ವೈರಿಂಗ್ ಮುಟ್ಟಬೇಡಿ, ಲೆನ್ಸಿನ ಕಡೆ ಹೋಗಿ. ಹಳೆ ಕಾರುಗಳಲ್ಲಿ ಒಂದೂವರೆ ವೋಲ್ಟ್ ಸೋರುವುದು ಅಪರೂಪವೇನಲ್ಲ.

ಎಲ್ಲಿ ಸೋರುತ್ತದೆಂದು ಹಿಡಿಯಲು ಎರಡು ಅಳತೆ ಸಾಕು. ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಕಡ್ಡಿಗೆ ಒಂದು, ಬಲ್ಬಿನ ಅರ್ಥ್ ಕಡ್ಡಿಯಿಂದ ಬ್ಯಾಟರಿ ಮೈನಸ್‌ಗೆ ಇನ್ನೊಂದು, ಎರಡೂ ದೀಪ ಹೊತ್ತಿರುವಾಗಲೇ. ಎರಡನೆಯದು 0.2 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ಥ್ ಕೆಟ್ಟಿದೆ. ಇದು ಅತ್ಯಂತ ಸಾಮಾನ್ಯ, ಅತ್ಯಂತ ಸುಲಭ, ಆದರೂ ಯಾರೂ ನೋಡದ ಜಾಗ. ಅರ್ಥ್ ವೈರಿನ ಲಗ್ (ತುದಿಯ ಲೋಹದ ಬಳೆ) ಕಾರಿನ ಬಾಡಿಗೆ ಕೂರುವ ಕಡೆ ಬಣ್ಣ, ತುಕ್ಕು ಎರಡನ್ನೂ ಎಮರಿ ಪೇಪರಿನಿಂದ ಲೋಹ ಹೊಳೆಯುವ ತನಕ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಕರಾವಳಿಯ ಉಪ್ಪು ಗಾಳಿಯ ಊರುಗಳಲ್ಲಿ ಈ ಒಂದು ಕೆಲಸದಿಂದಲೇ ದೀಪ ಚೇತರಿಸಿಕೊಳ್ಳುವುದುಂಟು.

ರಿಲೇ ಹಾಕುವುದು

ಪ್ಲಸ್ ಕಡೆ ಸೋರುತ್ತಿದ್ದರೆ ಕಾರಣ ಹೀಗಿರುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ಬಾಕ್ಸ್, ಲೈಟ್ ಸ್ವಿಚ್, ಡಿಪ್ಪರ್ ಸ್ವಿಚ್ ಎಲ್ಲ ಸುತ್ತಿ ಮತ್ತೆ ಮುಂದಕ್ಕೆ ಬರುತ್ತದೆ. ಎರಡು ಲೋ ಬೀಮ್ ಸೇರಿ ಸುಮಾರು 10 ಆಂಪಿಯರ್. ಕಾರ್ಖಾನೆಯ ವೈರು 0.85 ಸ್ಕ್ವೇರ್ ಎಂಎಂ ಇದ್ದರೆ ಒಂದು ಮೀಟರ್ ಉದ್ದಕ್ಕೆ 0.02 ಓಮ್ ತಡೆ. ನಾಲ್ಕು ಮೀಟರ್ ದಾರಿಗೆ 0.8 ವೋಲ್ಟ್ ವೈರಿನಲ್ಲೇ ಹೋಯಿತು. ಸ್ವಿಚ್ಚಿನ ಸವೆದ ಪಾಯಿಂಟುಗಳು, ಹಸಿರುಗಟ್ಟಿದ ಕಪ್ಲರುಗಳು ತಲಾ ಒಂದೆರಡು ಹತ್ತನೇ ವೋಲ್ಟ್ ತಿನ್ನುತ್ತವೆ. ಹೊಸ ಕಾರಿನಲ್ಲಿ ಇದು ನಡೆಯುತ್ತಿತ್ತು. ಇಪ್ಪತ್ತು ಮಳೆಗಾಲ ಕಂಡ ವೈರಿನಲ್ಲಿ ನಡೆಯುವುದಿಲ್ಲ.

ಬಲ್ಬಿಗೆ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆಯಬೇಕು, ಹಳೆ ವೈರು ರಿಲೇಯನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್ಚನ್ನು, ಎಬ್ಬಿಸುವ ಕೆಲಸ ಮಾತ್ರ ಮಾಡಬೇಕು. ಬೇಕಾಗುವುದು 12 ವೋಲ್ಟ್, 30 ಅಥವಾ 40 ಆಂಪಿಯರಿನ ನಾಲ್ಕು ಕಾಲಿನ ರಿಲೇ ಎರಡು, ಅವಕ್ಕೆ ಸಾಕೆಟ್ಟು. ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು, 20 ಆಂಪಿಯರಿನ ಫ್ಯೂಸು. 2.5 ಸ್ಕ್ವೇರ್ ಎಂಎಂ ಆಟೊ ವೈರು ಐದಾರು ಮೀಟರು. ಸಿರಾಮಿಕ್‌ನ ಎಚ್4 ಹೋಲ್ಡರ್ ಎರಡು. ಲಗ್ಗುಗಳು, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಜೋಡಣೆಗೆ ಕಚ್ಚುವ ಕೊಳವೆ), ವೈರಿಗೆ ತೊಡಿಸುವ ಕೊಳವೆ. ಮನೆ ವೈರಿಂಗಿನ ಒಂಟಿ ಎಳೆಯ ಗಟ್ಟಿ ತಂತಿ ಬೇಡ. ಎಂಜಿನ್ ನಡುಕಕ್ಕೆ ಅದು ತುಂಡಾಗುತ್ತದೆ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ರಿಲೇಯ ಬುಡದಲ್ಲಿ 30, 87, 85, 86 ಎಂದು ಕೊರೆದಿರುತ್ತದೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸು, ಫ್ಯೂಸಿನಿಂದ 30. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲೇಬೇಕು. ಅದಕ್ಕಿಂತ ಹಿಂದಿನ ವೈರು ಎಲ್ಲಾದರೂ ಬಾಡಿಗೆ ತಗುಲಿದರೆ ಕಾಪಾಡುವವರಿಲ್ಲ. 87ರಿಂದ ಎಡ, ಬಲ ಎರಡು ಬಲ್ಬಿಗೂ ಪ್ರತ್ಯೇಕ ವೈರು. ಲೋ ಬೀಮಿಗೊಂದು ರಿಲೇ, ಹೈ ಬೀಮಿಗೊಂದು, ಎರಡಕ್ಕೂ ಬೇರೆ ಬೇರೆ ಫ್ಯೂಸು. ಒಂದೇ ಫ್ಯೂಸಿನಲ್ಲಿ ಎರಡನ್ನೂ ಕಟ್ಟಿದರೆ ಅದು ಹಾರಿದ ಗಳಿಗೆಯಲ್ಲಿ ಪೂರ್ತಿ ಕತ್ತಲು. ಘಾಟಿಯ ತಿರುವಿನಲ್ಲಿ ಹಾಗಾಗಬಾರದು. ಐದು ಕಾಲಿನ ರಿಲೇ ಸಿಕ್ಕಿದರೆ ನಡುವಿನ 87ಎ ಕಾಲನ್ನು ಖಾಲಿ ಬಿಡಿ. ಅದು ರಿಲೇ ಮಲಗಿರುವಾಗ ಕರೆಂಟು ಕೊಡುವ ಕಾಲು, ಅದಕ್ಕೆ ವೈರು ಸಿಕ್ಕಿಸಿದರೆ ಹಗಲೆಲ್ಲ ದೀಪ ಉರಿಯುತ್ತದೆ.

ಈಗ 85, 86, ಅಂದರೆ ರಿಲೇಯನ್ನು ಎಬ್ಬಿಸುವ ಸುರುಳಿಯ ಎರಡು ತುದಿ. ಇಲ್ಲಿ ಜನ ಎಡವುತ್ತಾರೆ. ಎಲ್ಲ ಕಾರುಗಳೂ ಪ್ಲಸ್ ಕಡೆಯಲ್ಲೇ ಸ್ವಿಚ್ ಮಾಡುವುದಿಲ್ಲ. ಜಪಾನಿ ವಿನ್ಯಾಸದ ಕೆಲವು ಕಾರುಗಳಲ್ಲಿ ಬಲ್ಬಿನ ಸಾಮಾನ್ಯ ಕಡ್ಡಿಗೆ (ಹೈ, ಲೋ ಎರಡಕ್ಕೂ ಸೇರಿದ ಕಾಮನ್ ಕಡ್ಡಿ) ಪ್ಲಸ್ ಇದ್ದು, ಸ್ವಿಚ್ಚು ಅರ್ಥನ್ನು ಕೂಡಿಸುತ್ತದೆ. ಪುಸ್ತಕದ ಚಿತ್ರ ನೋಡಿ 86ನ್ನು ಕಣ್ಣು ಮುಚ್ಚಿ ಬಾಡಿಗೆ ಕಟ್ಟಿದರೆ ಅಂಥ ಕಾರಿನಲ್ಲಿ ರಿಲೇ ಏಳುವುದೇ ಇಲ್ಲ, ಅಥವಾ ಮಲಗುವುದೇ ಇಲ್ಲ. ಸುಲಭ ದಾರಿಯೆಂದರೆ 85, 86 ಎರಡನ್ನೂ ಹಳೆ ಕಪ್ಲರಿನೊಳಕ್ಕೇ ಕೊಡುವುದು: ಲೋ ರಿಲೇಯ ಸುರುಳಿ ಸಾಮಾನ್ಯ ಕಡ್ಡಿಗೂ ಲೋ ಕಡ್ಡಿಗೂ ನಡುವೆ, ಹೈ ರಿಲೇಯದು ಸಾಮಾನ್ಯ ಕಡ್ಡಿಗೂ ಹೈ ಕಡ್ಡಿಗೂ ನಡುವೆ. ಮೊದಲು ಬಲ್ಬಿನ ತಂತಿ ಇದ್ದ ಜಾಗದಲ್ಲಿ ಈಗ ರಿಲೇಯ ಸುರುಳಿ ಇದೆ, ಅಷ್ಟೆ. ಸ್ವಿಚ್ ಯಾವ ಕಡೆಗಿದ್ದರೂ ನಡೆಯುತ್ತದೆ. ಒಂದೇ ಎಚ್ಚರ: ಒಳಗೆ ಡಯೋಡ್ ಇರುವ ರಿಲೇ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ, ಅದನ್ನು ತರಬೇಡಿ. ಅರ್ಥ್ ಕಡೆ ಸ್ವಿಚ್ ಇರುವ ಕೆಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ನೀಲಿ ದೀಪ ಇನ್ನೊಂದು ಫಿಲಮೆಂಟಿನ ಮೂಲಕ ಅರ್ಧ ದಾರಿ ಕಂಡುಕೊಂಡಿರುತ್ತದೆ. ರಿಲೇ ಹಾಕಿದ ಮೇಲೆ ಅದು ಮಂಕಾಗಬಹುದು, ರಿಲೇ ಟಿಕಟಿಕ ಎನ್ನಬಹುದು. ಆಗ ನೀಲಿ ದೀಪಕ್ಕೆ ಹೈ ರಿಲೇಯ 87ರಿಂದ ಸಣ್ಣ ಫ್ಯೂಸಿನ ಮೂಲಕ ಬೇರೆ ವೈರು ಕೊಡಬೇಕು.

ಅರ್ಥ್ ವೈರೂ ಪ್ಲಸ್ಸಿನಷ್ಟೇ ದಪ್ಪವಿರಲಿ. ಬಹಳ ಮಂದಿ ಪ್ಲಸ್‌ಗೆ ಹೊಸ ವೈರು ಎಳೆದು ಅರ್ಥನ್ನು ಹಳೆಯ ಸಣ್ಣ ವೈರಿಗೇ ಬಿಟ್ಟು, ರಿಲೇಯಿಂದ ಏನೂ ಪ್ರಯೋಜನವಾಗಲಿಲ್ಲ ಎನ್ನುತ್ತಾರೆ. ರಿಲೇಗಳನ್ನು ಕಾಲು ಕೆಳಗಾಗುವಂತೆ ನಿಲ್ಲಿಸಿ, ನೀರು ನಿಲ್ಲಬಾರದು. ಎಕ್ಸಾಸ್ಟ್ ಪೈಪು, ರೇಡಿಯೇಟರ್ ಫ್ಯಾನು ಎರಡರಿಂದಲೂ ವೈರು ದೂರವಿರಲಿ. ಜೋಡಣೆಯನ್ನು ಇನ್ಸುಲೇಷನ್ ಟೇಪು ಸುತ್ತಿ ಮುಗಿಸಬೇಡಿ. ಬಿಸಿಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಸರಿಯಾದ ಇಕ್ಕಳದಲ್ಲಿ ಲಗ್ಗನ್ನು ವೈರಿಗೆ ಒತ್ತಿ ಬಿಗಿದು (ಕ್ರಿಂಪ್ ಮಾಡಿ) ಹೀಟ್ ಶ್ರಿಂಕ್ ತೊಡಿಸಿ. ಮುಗಿದ ಮೇಲೆ ಮತ್ತೆ ಅದೇ ಅಳತೆ. ವ್ಯತ್ಯಾಸ 0.3 ವೋಲ್ಟಿನೊಳಗೆ ಬಂದರೆ ಕೆಲಸ ಚೆನ್ನಾಗಿದೆ. ಬಲ್ಬ್ ಇನ್ನು ಮೊದಲಿನಷ್ಟು ವರ್ಷ ಬಾಳುವುದಿಲ್ಲ, ಅದು ಈ ಬೆಳಕಿನ ಬೆಲೆ. ಡಿಕ್ಕಿಯಲ್ಲಿ ಒಂದು ಜೋಡಿ ಇಟ್ಟುಕೊಳ್ಳಿ.

ಲೆನ್ಸು, ಅದರ ಹಿಂದಿನ ಕನ್ನಡಿ

ಅಂಬಾಸಿಡರ್, ಪದ್ಮಿನಿ, ಹಳೆ ಮಾರುತಿ 800 ಇವಕ್ಕೆ ಗಾಜಿನ ಲೆನ್ಸು. ಗಾಜು ಹಳದಿಯಾಗುವುದಿಲ್ಲ, ಒಳಗಿನ ಧೂಳು ತೊಳೆದರೆ ಆಯಿತು. ಮರಳು ಬಡಿದು ಗುಳಿಬಿದ್ದಿದ್ದರೆ ಉಜ್ಜಿ ಫಲವಿಲ್ಲ, ಬದಲಿಸಿ. ತೊಂದರೆ ಇರುವುದು ನಂತರದ ಕಾರುಗಳ ಪಾಲಿಕಾರ್ಬನೇಟ್ ಲೆನ್ಸಿಗೆ. ಬಿಸಿಲಿನ ಅತಿನೇರಳೆ ಕಿರಣ ತಡೆಯಲೆಂದು ಕಾರ್ಖಾನೆಯಲ್ಲಿ ಅದರ ಮೇಲೆ ತೆಳುವಾದ ಗಟ್ಟಿ ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದ ಮೇಲೆ ಪ್ಲಾಸ್ಟಿಕ್ ಹಳದಿಗಟ್ಟಿ ಬಿರಿಯುತ್ತದೆ.

ಮಂಕು ಹೊರಗಿದೆಯೋ ಒಳಗಿದೆಯೋ ತಿಳಿಯಲು ಲೆನ್ಸಿನ ಮೇಲೆ ನೀರು ಹೊಯ್ದು ನೋಡಿ. ಒದ್ದೆಯಿದ್ದಷ್ಟು ಹೊತ್ತು ತಿಳಿಯಾಗಿ ಕಂಡರೆ ದೋಷ ಹೊರಮೈಯದು, ಉಜ್ಜಿದರೆ ಹೋಗುತ್ತದೆ. ಒದ್ದೆಯಾದರೂ ಮಂಕೇ ಇದ್ದರೆ ಒಳಮೈ ಕೆಟ್ಟಿದೆ, ಹೊರಗೆ ಎಷ್ಟು ತಿಕ್ಕಿದರೂ ವ್ಯರ್ಥ.

ಉಜ್ಜುವುದಕ್ಕೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಎಮರಿ) ಬೇಕು: 800, 1000, 1500, 2000 ನಂಬರಿನವು, ನಂಬರು ಏರಿದಷ್ಟೂ ನುಣುಪು. ಸುತ್ತಲಿನ ಬಣ್ಣಕ್ಕೆ ಎರಡು ಪದರ ಮಾಸ್ಕಿಂಗ್ ಟೇಪು ಅಂಟಿಸಿ. ಸೋಪು ಬೆರೆಸಿದ ನೀರು ಸದಾ ಹರಿಯುತ್ತಿರಲಿ. 800ರಲ್ಲಿ ಅಡ್ಡಡ್ಡ ಒಂದೇ ದಿಕ್ಕಿಗೆ ಉಜ್ಜಿ. ಮೊದಲು ಹಳದಿ ನೀರು ಬರುತ್ತದೆ. ಬೆಳ್ಳಗೆ ಬರತೊಡಗಿ, ಇಡೀ ಮೈ ಒಂದೇ ಸಮ ಮಬ್ಬಾದಾಗ ಹಳೆ ಲೇಪ ಪೂರ್ತಿ ಹೋದಂತೆ. ಅಲ್ಲಲ್ಲಿ ಉಳಿದಿದ್ದರೆ ಆಮೇಲೆ ನಕ್ಷೆಯಂತೆ ಕಲೆ ಕಾಣುತ್ತದೆ, ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ. ಮುಂದಿನ ಪೇಪರಿನಲ್ಲಿ ಉದ್ದುದ್ದ, ಅದರ ಮುಂದಿನದರಲ್ಲಿ ಮತ್ತೆ ಅಡ್ಡ. ಹಿಂದಿನ ಗೆರೆಗಳು ಅಳಿಸಿದವೋ ಇಲ್ಲವೋ ಹೀಗೆ ಮಾಡಿದರೆ ತಿಳಿಯುತ್ತದೆ. ಪೇಪರ್ ಬದಲಿಸುವಾಗ ಬಕೆಟ್ಟಿನ ನೀರೂ ಬದಲಾಗಲಿ, ಒರಟು ಪೇಪರಿನ ಒಂದು ಕಾಳು ಸಾಕು ಗೀರು ಎಳೆಯಲು.

ಇಲ್ಲಿ ದಾರಿ ಎರಡಾಗುತ್ತದೆ. ರಬ್ಬಿಂಗ್ ಕಾಂಪೌಂಡ್ ಹಾಕಿ ಹೊಳಪು ಕೊಟ್ಟು ಮೇಲೆ ವ್ಯಾಕ್ಸ್ ಸವರಿದರೆ ಅದೇ ದಿನ ಕನ್ನಡಿಯಂತಾಗುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಬಿಸಿಲು ತಡೆಯುವ ಲೇಪವೇ ಇಲ್ಲವಲ್ಲ! ಬಾಳಿಕೆ ಬೇಕಿದ್ದರೆ ಯುವಿ (ಅತಿನೇರಳೆ ಕಿರಣ) ತಡೆಯುವ, ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್ ಕೋಟ್ ಹೊಡೆಯಬೇಕು. ಅದಕ್ಕೆ ಮುಂಚೆ ಕಾಂಪೌಂಡ್ ಹಾಕಿ ಹೊಳಪು ಕೊಡಬಾರದು, ನುಣುಪು ಮೈಗೆ ಲೇಪ ಕಚ್ಚುವುದಿಲ್ಲ. 2000ಕ್ಕೆ ನಿಲ್ಲಿಸಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿದ ಮೇಲೆ ತೆಳುವಾಗಿ ಎರಡು ಮೂರು ಕೋಟು, ನಡುವೆ ಹತ್ತು ನಿಮಿಷ ಬಿಡುವು. ಉಳಿದ ಸಣ್ಣ ಗೀರುಗಳನ್ನು ಲೇಪವೇ ತುಂಬಿಕೊಳ್ಳುತ್ತದೆ. ಒಂದು ದಿನ ಮುಟ್ಟಬೇಡಿ. ಮಳೆ ಹಿಡಿದ ದಿನ ಹೊಡೆದರೆ ಗಾಳಿಯ ತೇವಕ್ಕೆ ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ಮಲೆನಾಡಿನವರು ಈ ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಲಿ. ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಿನಲ್ಲಿ ಹೊಡೆಯಿರಿ, ಬಟ್ಟೆ ಮಾಸ್ಕ್ ಸಾಲದು, ಪೇಂಟಿನವರು ಹಾಕುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು.

ಟೂತ್‌ಪೇಸ್ಟ್ ಎಂಬುದು ಬರೀ ಸೌಮ್ಯ ಪಾಲಿಶು, ಮೇಲಿನ ಮಂಕು ಒಂದಿಷ್ಟು ಹೋಗಬಹುದು. ಸೊಳ್ಳೆ ಓಡಿಸುವ ದ್ರಾವಣ, ಥಿನ್ನರ್, ಪೆಟ್ರೋಲು, ಬಿಸಿ ಆವಿ ಹಿಡಿಯುವ ಕಿಟ್ಟು ಇವೆಲ್ಲ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸುತ್ತವೆ. ಆ ಕ್ಷಣ ಹೊಳೆಯುತ್ತದೆ, ಆಮೇಲೆ ಕೂದಲೆಳೆಯ ಬಿರುಕು ಬಿಡುತ್ತದೆ. ಆವಿಯ ಕಿಟ್ಟಿನ ದ್ರಾವಕವನ್ನು ಉಸಿರಾಡುವುದೂ ಒಳ್ಳೆಯದಲ್ಲ.

ಒಳಗಿನ ರಿಫ್ಲೆಕ್ಟರನ್ನು ಬಟ್ಟೆಯಿಂದ ಮುಟ್ಟಲೇಬೇಡಿ. ಅದು ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂನ ಅತಿ ತೆಳು ಪದರ, ಬೆರಳೊತ್ತಿದರೂ ಎದ್ದುಬರುತ್ತದೆ. ಧೂಳಿದ್ದರೆ ಉಗುರುಬೆಚ್ಚಗಿನ ಸೋಪು ನೀರು ತುಂಬಿ ಅಲುಗಿಸಿ ಚೆಲ್ಲಿ, ಡಿಸ್ಟಿಲ್ಡ್ ವಾಟರಿನಲ್ಲಿ ಜಾಲಿಸಿ ನೆರಳಿನಲ್ಲಿ ಒಣಗಿಸಿ. ಕಂದಾಗಿ ಸುಟ್ಟಿದ್ದರೆ ಅಸೆಂಬ್ಲಿ ಬದಲಿಸುವುದೇ ದಾರಿ. ಕ್ರೋಮ್ ಪ್ಲೇಟಿಂಗ್ ಮಾಡಿಸುವವರಿದ್ದಾರೆ. ಕ್ರೋಮ್ ಕಣ್ಣಿಗೆ ಹೊಳೆದರೂ ಬೆಳಕಿನಲ್ಲಿ ಮೂರನೇ ಎರಡು ಪಾಲಿನಷ್ಟನ್ನೇ ಹಿಂತಿರುಗಿಸುತ್ತದೆ, ಅಲ್ಯೂಮಿನಿಯಂ ಶೇ 85ಕ್ಕೂ ಹೆಚ್ಚು. ಹೊಸದು ಕೊಳ್ಳುವಾಗ ಲೆನ್ಸಿನ ಮೇಲಿನ ಬಾಣ ನೋಡಿ. ದೀಪಕ್ಕೆ ಎದುರು ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸಿದರೆ ಅದು ನಮ್ಮಂತೆ ಎಡಗಡೆ ಓಡಿಸುವ ದೇಶದ್ದು. ಬಾಣವೇ ಇಲ್ಲದ ಯುರೋಪಿನ ದೀಪ ಬಲಗಡೆ ಓಡಿಸುವವರದ್ದು, ಹಾಕಿದರೆ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಗೋಡೆಯ ಮುಂದೆ

ದೀಪ ಬಿಚ್ಚಿ ಹಾಕಿದ ಮೇಲೆ ಕೋನ ಹೊಂದಿಸದೆ ರಸ್ತೆಗೆ ಇಳಿಯಬಾರದು. ಸಮತಟ್ಟು ನೆಲ, ಟೈರಿಗೆ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು. ಒಳಗೆ ಎತ್ತರ ಹೊಂದಿಸುವ ಗುಂಡಿಯಿದ್ದರೆ ಸೊನ್ನೆಗೆ ಇಡಿ. ಗೋಡೆಯಿಂದ ದೀಪಕ್ಕೆ ಸರಿಯಾಗಿ 10 ಮೀಟರ್. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ, ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಟೇಪಿನಲ್ಲಿ ಅಡ್ಡಗೆರೆ ಹಾಕಿ. ಇದು ಶೇ 1ರ ಇಳಿಜಾರು. ದೀಪದ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಸರಿ. ಒಂದು ಬದಿಯ ಕಪ್ಲರ್ ಕಳಚಿ ಒಂದೊಂದೇ ದೀಪ ನೋಡಿ. ಉರಿಯುವ ಪ್ಲಾಸ್ಟಿಕ್ ಲೆನ್ಸಿಗೆ ಬಟ್ಟೆ ಮುಚ್ಚಬೇಡಿ. ಲೋ ಬೀಮಿನ ಮೇಲಂಚು ಗೆರೆಯ ಮೇಲೆ ಕೂರಬೇಕು, ಅದು ಎಡಕ್ಕೆ ಓರೆಯಾಗಿ ಏರತೊಡಗುವ ಮೂಲೆ ಆ ದೀಪದ ನೇರ ಎದುರಿಗೆ ಬರಬೇಕು. ಎಚ್4ನಲ್ಲಿ ಹೈ ಬೀಮ್ ತಾನಾಗಿ ಜಾಗಕ್ಕೆ ಬರುತ್ತದೆ.

ಈ ಹತ್ತು ಸೆಂಟಿಮೀಟರು ಎಷ್ಟು ಮುಖ್ಯ ನೋಡಿ. ದೀಪ ನೆಲದಿಂದ 65 ಸೆಂ.ಮೀ. ಎತ್ತರವಿದ್ದರೆ ಶೇ 1ರಲ್ಲಿ ಬೆಳಕಿನ ಅಂಚು 65 ಮೀಟರಿಗೆ ನೆಲ ಮುಟ್ಟುತ್ತದೆ. ಶೇ 2.5 ಬಗ್ಗಿದ್ದರೆ 26 ಮೀಟರಿಗೇ ಮುಗಿಯಿತು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಯಾವ ಬಲ್ಬೂ ಇದನ್ನು ಸರಿಮಾಡಲಾರದು. ಸ್ಕ್ರೂ ತಿರುಗಿಸಿದರೂ ದೀಪ ಅಲುಗದಿದ್ದರೆ ಹಿಂದಿನ ನೈಲಾನ್ ಗುಂಡು, ಕ್ಲಿಪ್ಪು ಮುರಿದಿರುತ್ತದೆ.

ಸಭಿಕರು ಕೇಳಿದ್ದು

*ಸರ್, 100/90 ಬಲ್ಬ್ ರಿಲೇ ಜೊತೆ ಹಾಕಬಹುದಲ್ಲ?*

ವೈರು ತಡೆದೀತು, ಹೋಲ್ಡರೂ ರಿಫ್ಲೆಕ್ಟರೂ ತಡೆಯುವುದಿಲ್ಲ. ಪ್ಲಾಸ್ಟಿಕ್ ರಿಫ್ಲೆಕ್ಟರ್ ಬಿಸಿಗೆ ಮಂಕಾಗಿ ಆರು ತಿಂಗಳಲ್ಲಿ ಇದ್ದ ಬೆಳಕೂ ಹೋಗಬಹುದು. ರಸ್ತೆ ಬಳಕೆಗೆ ಅದಕ್ಕೆ ಒಪ್ಪಿಗೆಯೂ ಇಲ್ಲ.

*ಎಲ್‌ಇಡಿ?*

ಎಚ್4 ಬಲ್ಬಿನ ಲೋ ಫಿಲಮೆಂಟಿನ ಕೆಳಗೆ ಒಂದು ಸಣ್ಣ ಲೋಹದ ಬಟ್ಟಲಿದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಹೋಗುವಂತೆ ಅದು ತಡೆಯುತ್ತದೆ, ಮೇಲಂಚು ಹುಟ್ಟುವುದು ಅದರಿಂದ. ಎಲ್‌ಇಡಿಯ ಚಿಪ್ಪು ಫಿಲಮೆಂಟಿನ ಆಕಾರದಲ್ಲೂ ಇಲ್ಲ, ಅದೇ ಜಾಗದಲ್ಲೂ ಇಲ್ಲ. ಮುಂದಿನ ನೆಲ ಬೆಳ್ಳಗೆ ಬೆಳಗುತ್ತದೆ, ಅದರಿಂದ ನಿಮ್ಮ ಕಣ್ಣು ಕಿರಿದಾಗಿ ದೂರದ್ದು ಇನ್ನೂ ಕಾಣುವುದಿಲ್ಲ, ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ಹಾಕಬೇಡಿ.

*ನಮ್ಮದು ಹಳೆ ಅಂಬಾಸಿಡರ್, ಎಚ್4 ಬಲ್ಬ್ ಅದರಲ್ಲಿ ಕೂರುವುದೇ ಇಲ್ಲ.*

ಅದು 45/40 ವಾಟಿನ ಹಳೆ ನಮೂನೆ ಇರಬೇಕು, ಬುಡ ಪಿ45ಟಿ. ಎಚ್4ದು ಪಿ43ಟಿ. ಏಳು ಇಂಚಿನ ಗುಂಡು ದೀಪ ತಾನೇ? ಜೀಪಿಗೂ ಬುಲೆಟ್ಟಿಗೂ ಅದೇ ಅಳತೆ. ಎಚ್4 ಕೂರುವ ಏಳು ಇಂಚಿನ ಒಳ್ಳೆಯ ದೀಪವನ್ನೇ ತನ್ನಿ, ಬಲ್ಬಿಗೆ ಅಡಾಪ್ಟರ್ ಹುಡುಕಬೇಡಿ. ರಿಲೇ ಮಾತ್ರ ಕಡ್ಡಾಯ.

*ಚಾರ್ಮಾಡಿ, ಆಗುಂಬೆ ಕಡೆ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಇನ್ನೂ ಕಾಣುವುದಿಲ್ಲ. ಹಳದಿ ಪೇಪರ್ ಅಂಟಿಸಲೇ?*

ಮಂಜಿನ ಹನಿಗಳು ಹೈ ಬೀಮನ್ನು ನಿಮ್ಮ ಕಡೆಗೇ ಚೆದುರಿಸುತ್ತವೆ. ಲೋ ಬೀಮಿನಲ್ಲೇ ಹೋಗಿ, ಬಂಪರಿನ ಕೆಳಗೆ ಫಾಗ್ ಲ್ಯಾಂಪ್ ಇದ್ದರೆ ಹಾಕಿ. ಹಳದಿ ಪೇಪರು ಬೆಳಕು ಕಡಿಮೆ ಮಾಡುತ್ತದೆ, ಬೇರೇನೂ ಇಲ್ಲ.

*ಮಳೆಗಾಲದಲ್ಲಿ ದೀಪದೊಳಗೆ ಹನಿ ಕಟ್ಟುತ್ತದೆ. ಸುತ್ತ ಸಿಲಿಕೋನ್ ಹಾಕಿಬಿಡಲೇ?*

ಪೂರ್ತಿ ಮುಚ್ಚಬೇಡಿ. ದೀಪ ಬಿಸಿಯಾದಾಗ ಗಾಳಿ ಹೊರಹೋಗಿ ತಣಿದಾಗ ಒಳಬರಲು ಹಿಂದೆ ಸಣ್ಣ ಕೊಳವೆ ಇರುತ್ತದೆ. ಅದರ ಬಾಯಿ ಕೆಳಮುಖವಾಗಿದೆಯೇ, ಕೆಸರು ತುಂಬಿದೆಯೇ ನೋಡಿ. ಆಮೇಲೆ ಬಲ್ಬಿನ ಹಿಂದಿನ ರಬ್ಬರ್ ಬೂಟು: ಬಿರಿದಿದ್ದರೆ ಹೊಸದು ಹಾಕಿ, ‘ಟಾಪ್’ ಎಂದು ಬರೆದ ಕಡೆ ಮೇಲಿರಬೇಕು. ಲೆನ್ಸಿಗೂ ಹಿಂಬದಿಯ ಡಬ್ಬಿಗೂ ನಡುವಿನ ಅಂಟು ಬಿಟ್ಟಿದ್ದರೆ ಮಾತ್ರ ಅಷ್ಟು ಜಾಗಕ್ಕೆ ಸಿಲಿಕೋನ್. ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನಿನ ಆವಿ ರಿಫ್ಲೆಕ್ಟರನ್ನು ತಿನ್ನುತ್ತದೆ, ವಾಸನೆಯಿಲ್ಲದ ನ್ಯೂಟ್ರಲ್ ನಮೂನೆಯದನ್ನೇ ಕೇಳಿ ತನ್ನಿ.